ಯಶವಂತಪುರದ ನಿಧಿ, ದೊಡ್ಡಬಳ್ಳಾಪುರದ ನೂಲು

ಯಶವಂತಪುರ ಎಂದೊಡನೆ ಬೆಂಗಳೂರಿಗರಿಗೆ ನೆನಪಾಗುವುದು ರೈಲು ನಿಲ್ದಾಣ, ಎಪಿಎಂಸಿ ಮಾರುಕಟ್ಟೆ, ಮೂಟೆ ಹೊತ್ತ ಲಾರಿಗಳ ಸಾಲು. ಇದೇ ಯಶವಂತಪುರದಲ್ಲಿ 1891ರಲ್ಲಿ ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿತು. ಎಣಿಸಿದಾಗ 163 ನಾಣ್ಯಗಳಿದ್ದವು. ಅವುಗಳ ಮೇಲೆ ಅಚ್ಚಾಗಿದ್ದ ಮುಖಗಳು ನಮ್ಮ ಯಾವ ರಾಜನದೂ ಅಲ್ಲ, ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಎಂಬ ರೋಮ್ ಚಕ್ರವರ್ತಿಗಳದು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇಂಥದೇ ಇನ್ನೊಂದು ನಿಧಿ ದೊರೆಯಿತು. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟುವುದಕ್ಕೆ ಸುಮಾರು ಹದಿನೈದು ಶತಮಾನಗಳ ಹಿಂದಿನ ಹಣವಿದು.

ನಾಣ್ಯಗಳ ಕಥೆಯನ್ನು ಇತಿಹಾಸಕಾರರು ಬರೆದಿದ್ದಾರೆ. ಆದರೆ ಅವುಗಳ ಹೆಸರಿಗೂ ಒಂದು ಕಥೆಯಿದೆ.

ಲ್ಯಾಟಿನ್ ಭಾಷೆಯಲ್ಲಿ ಈ ಬೆಳ್ಳಿ ನಾಣ್ಯವನ್ನು ‘ಡಿನೇರಿಯಸ್’ ಎನ್ನುತ್ತಿದ್ದರು. ‘ಹತ್ತು ಹತ್ತು’ ಎಂಬ ಅರ್ಥದ ‘ಡೇನಿ’ ಎಂಬ ಪದ ಇದರ ಮೂಲ. ಕ್ರಿ.ಪೂ. 211ರ ಸುಮಾರಿಗೆ ಇದು ಚಲಾವಣೆಗೆ ಬಂದಾಗ ‘ಆಸ್’ ಎಂಬ ಹತ್ತು ಕಂಚಿನ ನಾಣ್ಯಗಳಿಗೆ ಸಮನಾಗಿತ್ತು. ಆದ್ದರಿಂದಲೇ ಆ ಹೆಸರು. ಆದರೆ ನೂರು ವರ್ಷ ಕಳೆಯುವುದರೊಳಗೆ ಸರ್ಕಾರ ಅದರ ಬೆಲೆಯನ್ನು ಹದಿನಾರು ಆಸ್‌ಗೆ ಏರಿಸಿತು. ಬೆಲೆ ಹದಿನಾರಾದರೂ ಹೆಸರಿನಲ್ಲಿ ಹತ್ತು ಹಾಗೆಯೇ ಉಳಿಯಿತು. ನಮಗಿದು ಹೊಸದೇನಲ್ಲ. 1957ರಲ್ಲಿ ದಶಮಾಂಶ ಪದ್ಧತಿ ಬಂದು ಆಣೆ ಹೋದ ಮೇಲೂ ಇಪ್ಪತ್ತೈದು ಪೈಸೆಯನ್ನು ನಾವು ‘ನಾಲ್ಕಾಣೆ’ ಎಂದೇ ಕರೆದೆವು. 2011ರಲ್ಲಿ ಆ ನಾಣ್ಯ ಚಲಾವಣೆಯಿಂದ ಹೋಗುವವರೆಗೂ ಅದು ನಾಲ್ಕಾಣೆಯೇ ಆಗಿತ್ತು.

ಈ ನಾಣ್ಯಗಳು ಭಾರತಕ್ಕೆ ಬಂದದ್ದು ವ್ಯಾಪಾರದ ಮೂಲಕ. ಮುಂಗಾರು ಗಾಳಿಯನ್ನು ನಂಬಿ ಕೆಂಪು ಸಮುದ್ರದಿಂದ ಹೊರಟ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಬಂದು ಮೆಣಸು, ಮುತ್ತು, ನವಿರಾದ ಬಟ್ಟೆಗಳನ್ನು ಕೊಂಡೊಯ್ಯುತ್ತಿದ್ದವು. ಬದಲಿಗೆ ಬೆಳ್ಳಿ, ಬಂಗಾರ ಕೊಡುತ್ತಿದ್ದವು. ಭಾರತವು ವರ್ಷಕ್ಕೆ ಐದು ಕೋಟಿ ‘ಸೆಸ್ಟರ್ಸ್’ ಹಣವನ್ನು ಸೆಳೆದುಕೊಳ್ಳುತ್ತಿದೆ ಎಂದು ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್. ಅಂದರೆ ಒಂದೂಕಾಲು ಕೋಟಿ ಡಿನೇರಿಯಸ್. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿಯೂ ಈ ನಾಣ್ಯಗಳು ಸಿಕ್ಕಿವೆ. ಘಟ್ಟ ಹತ್ತಿ ಒಳನಾಡಿಗೂ ಅವು ಬಂದಿದ್ದವು ಎಂಬುದಕ್ಕೆ ಇವೇ ಸಾಕ್ಷಿ.

ನಾಣ್ಯದ ಜೊತೆಗೆ ಹೆಸರೂ ಬಂದಿತು. ಗ್ರೀಕರ ಬಾಯಲ್ಲಿ ‘ಡಿನಾರಿಯೊನ್’ ಆದದ್ದು ಸಂಸ್ಕೃತದಲ್ಲಿ ‘ದೀನಾರ’ವಾಯಿತು. ಅಮರಕೋಶದಲ್ಲಿ ಈ ಪದಕ್ಕೆ ಸ್ಥಾನ ಸಿಕ್ಕಿದೆ. ಗುಪ್ತ ದೊರೆ ಎರಡನೆಯ ಚಂದ್ರಗುಪ್ತನ ಕಾಲದ, ಕ್ರಿ.ಶ. 412ರ ಸಾಂಚಿ ಶಾಸನವು ಬೌದ್ಧ ಸಂಘಕ್ಕೆ 25 ದೀನಾರಗಳನ್ನು ದಾನ ಕೊಟ್ಟದ್ದನ್ನು ಹೇಳುತ್ತದೆ. ಹುತ್ತದ ಹಾವು ದಿನಕ್ಕೊಂದು ನಾಣ್ಯ ಕೊಡುವ ಪಂಚತಂತ್ರದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಸಂಸ್ಕೃತ ಮೂಲದಲ್ಲಿ ಆ ಹಾವು ಕೊಡುವುದು ದೀನಾರವನ್ನೇ.

ಆದರೆ ಇಲ್ಲೊಂದು ಬದಲಾವಣೆ ಆಗಿತ್ತು. ರೋಮಿನ ಡಿನೇರಿಯಸ್ ಬೆಳ್ಳಿಯದು, ಗುಪ್ತರ ದೀನಾರ ಬಂಗಾರದ್ದು. ರೋಮನ್ನರು ತಮ್ಮ ಚಿನ್ನದ ನಾಣ್ಯವನ್ನು ‘ಚಿನ್ನದ ಡಿನೇರಿಯಸ್’ ಎಂದೂ ಕರೆಯುತ್ತಿದ್ದರು. ಪೂರ್ವದ ದೇಶಗಳಲ್ಲಿ ‘ಚಿನ್ನದ’ ಎಂಬ ವಿಶೇಷಣ ಉದುರಿ ಹೋಗಿ ಬರೀ ದೀನಾರವೇ ಚಿನ್ನವಾಯಿತು.

ಇನ್ನೊಂದು ಸ್ವಾರಸ್ಯವೂ ಇದೆ. ‘ಹತ್ತು’ ಎಂಬ ಅರ್ಥದ ಲ್ಯಾಟಿನ್ ‘ಡೆಕೆಮ್’ ಮತ್ತು ಸಂಸ್ಕೃತದ ‘ದಶ’ ಒಂದೇ ಪ್ರಾಚೀನ ಭಾಷಾ ಕುಟುಂಬದಿಂದ ಬಂದ ಸೋದರ ಪದಗಳು. ರೋಮಿನ ಹಳೆಯ ಪಂಚಾಂಗದ ಹತ್ತನೆಯ ತಿಂಗಳಾದ ಡಿಸೆಂಬರ್ ಕೂಡ ಆ ಮನೆತನದ್ದೇ. ಹಾಗಾಗಿ ಪರದೇಶಿ ಅತಿಥಿಯಂತೆ ಬಂದ ದೀನಾರಕ್ಕೆ ಇಲ್ಲಿ ‘ದಶ’ ಎಂಬ ದೂರದ ನೆಂಟ ಮೊದಲೇ ಇದ್ದ. ಇಬ್ಬರಿಗೂ ಪರಸ್ಪರ ಗುರುತು ಸಿಗದಷ್ಟು ಕಾಲ ಕಳೆದಿತ್ತು.

ಪಶ್ಚಿಮ ಏಷ್ಯಾದಲ್ಲಿಯೂ ಇದೇ ಆಯಿತು. ಏಳನೆಯ ಶತಮಾನದ ಕೊನೆಯಲ್ಲಿ ಖಲೀಫ ಅಬ್ದುಲ್ ಮಲಿಕ್ ಹೊರಡಿಸಿದ ‘ದಿನಾರ್’ ಬಂಗಾರದ್ದು. ಇಂದು ಕುವೈತ್, ಬಹರೇನ್, ಜೋರ್ಡಾನ್, ಇರಾಕ್ ಮೊದಲಾದ ದೇಶಗಳಲ್ಲಿ ಅದು ಕಾಗದದ ನೋಟು. ಕುವೈತಿನಲ್ಲಿ 1961ರವರೆಗೆ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಆ ವರ್ಷ ದಿನಾರ್ ಅದರ ಜಾಗಕ್ಕೆ ಬಂದಿತು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳು ಈ ದಿನಾರ್‌ನ ಸಂಪಾದನೆಯಿಂದ ಎದ್ದು ನಿಂತಿವೆ. ಮೆಣಸಿಗೆ ಬದಲಾಗಿ ಬಂದ ಹೆಸರು ಎರಡು ಸಾವಿರ ವರ್ಷಗಳ ಮೇಲೆ ದುಡಿಮೆಗೆ ಬದಲಾಗಿ ಅದೇ ಕರಾವಳಿಗೆ ಮತ್ತೆ ಬಂದಂತಾಯಿತು.

ಯುರೋಪಿನಲ್ಲಿ ಪದ ಹಿಡಿದ ದಾರಿ ಬೇರೆ. ಪೂರ್ವದಲ್ಲಿ ಅದು ಮೇಲೇರಿದರೆ ಅಲ್ಲಿ ಕೆಳಗಿಳಿಯಿತು. ಇಂಗ್ಲೆಂಡಿನಲ್ಲಿ ಡಿನೇರಿಯಸ್ ಎಂದರೆ ಬರೀ ಪೆನ್ನಿ. 1611ರ ಇಂಗ್ಲಿಷ್ ಬೈಬಲ್ ಅದನ್ನು ಪೆನ್ನಿ ಎಂದೇ ಅನುವಾದಿಸಿತು. 1971ರಲ್ಲಿ ದಶಮಾಂಶ ಪದ್ಧತಿ ಬರುವವರೆಗೆ ಅಲ್ಲಿನ ಲೆಕ್ಕದ ಪುಸ್ತಕಗಳಲ್ಲಿ ಪೆನ್ನಿಯ ಸಂಕೇತ ‘ಡಿ’ ಅಕ್ಷರ. ಪೆನ್ನಿ ಎಂಬ ಪದದಲ್ಲಿ ಇಲ್ಲದ ಆ ‘ಡಿ’ ಡಿನೇರಿಯಸ್‌ನದು.

ಸ್ಪೇನಿನಲ್ಲಿ ಇದೇ ಪದ ‘ದಿನೆರೊ’ ಆಯಿತು, ಪೋರ್ಚುಗೀಸರಲ್ಲಿ ‘ದಿನ್ಯೇರು’, ಇಟಲಿಯಲ್ಲಿ ‘ದೆನಾರೊ’. ಅಲ್ಲೆಲ್ಲ ಇದರ ಅರ್ಥ ಒಂದು ನಾಣ್ಯವೆಂದಲ್ಲ, ಒಟ್ಟಾರೆ ದುಡ್ಡು ಎಂದು. ನಮ್ಮ ‘ಹಣ’ವೂ ಹಾಗೆಯೇ ಬೆಳೆದದ್ದು. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಹೊರಡಿಸಿದ ‘ಕಂಠೀರಾಯ ಹಣ’ ಅರ್ಧ ಗ್ರಾಂ ಕೂಡ ತೂಗದ ಪುಟ್ಟ ಚಿನ್ನದ ನಾಣ್ಯ. ಹತ್ತು ಹಣ ಸೇರಿದರೆ ಒಂದು ವರಹ. ಆ ನಾಣ್ಯ ಮರೆಯಾಗಿ ಹೆಸರು ಮಾತ್ರ ಉಳಿದು, ಇಂದು ಎಲ್ಲ ಬಗೆಯ ದುಡ್ಡೂ ಹಣವೇ.

ಫ್ರಾನ್ಸಿನ ಕಥೆ ನಮ್ಮನ್ನು ಮತ್ತೆ ಯಶವಂತಪುರದ ಸಮೀಪಕ್ಕೇ ಕರೆತರುತ್ತದೆ. ಅಲ್ಲಿ ಡಿನೇರಿಯಸ್ ‘ದೆನಿಯೆ’ ಎಂಬ ಸಣ್ಣ ನಾಣ್ಯವಾಯಿತು. ಅದೇ ಹೆಸರಿನ ಪುಟ್ಟ ತೂಕವೂ ಇತ್ತು. ರೇಷ್ಮೆ ವ್ಯಾಪಾರಿಗಳು ಎಳೆಯ ನವಿರನ್ನು ಅಳೆಯಲು ಆ ತೂಕವನ್ನು ಹಿಡಿದರು. ಅದೇ ಇಂದಿನ ‘ಡೆನಿಯರ್’. ಯಲಹಂಕ ದಾಟಿ ದೊಡ್ಡಬಳ್ಳಾಪುರಕ್ಕೆ ಹೋಗಿ, ವಿದ್ಯುತ್ ಮಗ್ಗಗಳ ಬೀದಿಯಲ್ಲಿ ನೂಲಿನ ಬಗ್ಗೆ ವಿಚಾರಿಸಿ. ಇಷ್ಟು ಡೆನಿಯರ್ ಎಂದೇ ಉತ್ತರ ಬರುತ್ತದೆ. ಒಂಬತ್ತು ಸಾವಿರ ಮೀಟರ್ ಉದ್ದದ ಎಳೆ ಇಪ್ಪತ್ತು ಗ್ರಾಂ ತೂಗಿದರೆ ಅದು ಇಪ್ಪತ್ತು ಡೆನಿಯರ್ ನೂಲು. ನೇಕಾರನ ಮಟ್ಟಿಗೆ ಈ ಪದದಲ್ಲಿ ರೋಮೂ ಇಲ್ಲ, ಬೆಳ್ಳಿಯೂ ಇಲ್ಲ. ಇರುವುದು ನೂಲು, ಅದರ ದರ, ಸೀರೆಯ ಗುಣ.

ಪದಗಳ ಬಗ್ಗೆ ಜಗಳ ಬಂದಾಗ ‘ಮೂಲದಲ್ಲಿ ಇದರ ಅರ್ಥ ಹೀಗಿದೆ, ಆದ್ದರಿಂದ ನೀವು ಬಳಸಿದ್ದು ತಪ್ಪು’ ಎನ್ನುವವರು ನಮ್ಮಲ್ಲಿ ಬಹಳ. ಆ ವಾದವನ್ನು ಒಪ್ಪಿದರೆ ಸ್ಪೇನಿನವರ ದುಡ್ಡು, ಕುವೈತಿನ ನೋಟು, ಗುಪ್ತರ ಚಿನ್ನ, ದೊಡ್ಡಬಳ್ಳಾಪುರದ ನೂಲು ಎಲ್ಲವೂ ತಪ್ಪು. ರೋಮಿನವರೇ ಹದಿನಾರಕ್ಕೆ ಹತ್ತು ಎಂದದ್ದು ಎಲ್ಲಕ್ಕಿಂತ ದೊಡ್ಡ ತಪ್ಪು! ಪದದ ಮೂಲವನ್ನು ತಿಳಿದರೆ ಅದು ಎಲ್ಲಿಂದ ಹೊರಟಿತು, ಯಾರ ಯಾರ ಕೈ ದಾಟಿತು ಎಂಬುದು ತಿಳಿಯುತ್ತದೆ. ಅದರ ಅರ್ಥವನ್ನು ಗೊತ್ತು ಮಾಡುವುದು ಮಾತ್ರ ಅದನ್ನು ಬಳಸುವ ಜನ. ಯಶವಂತಪುರದಲ್ಲಿ ಆ 163 ನಾಣ್ಯಗಳನ್ನು ಹೂತಿಟ್ಟವರು ಅವನ್ನು ತೆಗೆಯಲು ಮರಳಿ ಬರಲಿಲ್ಲ. ನಾಣ್ಯಗಳು ಹದಿನೆಂಟು ಶತಮಾನಗಳ ಕಾಲ ಮಣ್ಣಿನಲ್ಲೇ ಉಳಿದವು. ಅವುಗಳ ಹೆಸರು ಮಾತ್ರ ಒಂದು ದಿನವೂ ಚಲಾವಣೆ ನಿಲ್ಲಿಸಲಿಲ್ಲ.