‘ದಾಮ್’ ಎಂಬ ಮಾತಿನ ಮೂಲ

ಹೈದರಾಬಾದಿನ ಪೇಟೆಗಳಲ್ಲಿ ಬೆಲೆಯನ್ನು ಸೂಚಿಸಲು ಬಳಸುವ ಮಾತುಗಳಲ್ಲಿ ‘ದಾಮ್’ ಎಂಬುದೊಂದು. ಇದು ಉರ್ದುವಿನ ಮಾತು, ಕನ್ನಡಕ್ಕೆ ಹೊರಗಿನದು ಎಂದು ತೋರುವುದು ಸಹಜ. ಆದರೆ ಉರ್ದು ಸಾಹಿತ್ಯಭಾಷೆಯಾಗಿ ರೂಪುಗೊಳ್ಳುವುದಕ್ಕೆ ಶತಮಾನಗಳ ಮುಂಚೆಯೇ ಇದರ ಪೂರ್ವರೂಪವು ಕನ್ನಡ ನಾಡಿನ ಶಾಸನಗಳಲ್ಲಿ ನೆಲೆಸಿದ್ದಿತು. ಅದರ ಮೂಲವಾದರೋ ಗ್ರೀಸ್ ದೇಶದಲ್ಲಿದೆ.

ಗ್ರೀಕರ ‘ದ್ರಖ್ಮೆ’ ಎಂಬ ಶಬ್ದವು ಕೈಯಲ್ಲಿ ಹಿಡಿ ಎಂಬರ್ಥದ ಧಾತುವಿನಿಂದ ಹುಟ್ಟಿದುದು. ನಾಣ್ಯಗಳು ರೂಢಿಗೆ ಬರುವ ಮುನ್ನ ಅಲ್ಲಿ ಕಬ್ಬಿಣದ ಸಲಾಕೆಗಳು ಹಣದಂತೆ ಸಲ್ಲುತ್ತಿದ್ದವು. ಒಂದು ಕೈಗೆ ಹಿಡಿಯುವ 6 ಸಲಾಕೆಗಳೇ ಒಂದು ದ್ರಖ್ಮೆ ಎಂದು ಪ್ಲುಟಾರ್ಕನು ವಿವರಿಸಿದ್ದಾನೆ. ಆರ್ಗೋಸಿನ ಹೇರಾದೇವಿಯ ಗುಡಿಯ ಉತ್ಖನನದಲ್ಲಿ ಇಂತಹ ಸಲಾಕೆಗಳ ಕಟ್ಟೇ ದೊರೆತಿದೆ. ಮುಂದೆ ಈ ‘ಹಿಡಿ’ಯು ಬೆಳ್ಳಿಯ ನಾಣ್ಯದ ಹೆಸರಾಯಿತು. ಅಥೆನ್ಸಿನಲ್ಲಿ ಅದರ ತೂಕ ಸುಮಾರು 4.3 ಗ್ರಾಂ.

ಕ್ರಿ. ಪೂ. 2ನೆಯ ಶತಮಾನದಲ್ಲಿ ಭಾರತದ ವಾಯವ್ಯ ಭಾಗವನ್ನಾಳಿದ ಯವನ ಅರಸರು, ಇಲ್ಲಿಯ ರೂಢಿಗೆ ಹೊಂದಿಕೊಂಡು, ಸುಮಾರು 2.45 ಗ್ರಾಂ ತೂಕದ ದ್ರಖ್ಮೆಗಳನ್ನು ಹೊರಡಿಸಿದರು. ಅಪೊಲೊಡೋಟಸ್ ಮತ್ತು ಮಿನಾಂಡರರ ಹೆಸರುಳ್ಳ ಹಳೆಯ ದ್ರಖ್ಮೆಗಳು ಭರುಕಚ್ಛದಲ್ಲಿ ಇನ್ನೂ ಚಲಾವಣೆಯಲ್ಲಿದ್ದುವೆಂದು ಕ್ರಿ. ಶ. 1ನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥವು ಹೇಳುತ್ತದೆ. ಪೈಠಣ ಮತ್ತು ತಗರಗಳಿಂದ ಸರಕು ಆ ರೇವಿಗೆ ಬಂಡಿಗಳಲ್ಲಿ ಹೋಗುತ್ತಿದ್ದುದನ್ನೂ ಅದೇ ಗ್ರಂಥ ತಿಳಿಸುತ್ತದೆ. ತಗರವೆಂದರೆ ಇಂದಿನ ತೇರ್. ಈ ಎರಡೂ ಊರುಗಳು 1956ರವರೆಗೆ ಹೈದರಾಬಾದು ಸಂಸ್ಥಾನದ ಎಲ್ಲೆಯೊಳಗಿದ್ದುವು. ನಾಣ್ಯದ ಹೆಸರು ದಖ್ಖನಕ್ಕೆ ಬಂದ ಹಾದಿಗಳಲ್ಲಿ ಈ ವ್ಯಾಪಾರಮಾರ್ಗವೂ ಒಂದಾಗಿರಬೇಕೆಂದು ಊಹಿಸಬಹುದು.

ಸಂಸ್ಕೃತದಲ್ಲಿ ಈ ಶಬ್ದವು ‘ದ್ರಮ್ಮ’ ಎಂದಾಯಿತು. ಮಾನ್ಯಖೇಟದಿಂದ, ಎಂದರೆ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳಿದ ಅಮೋಘವರ್ಷ ನೃಪತುಂಗನ ಕಾಲದ ಕಾನ್ಹೇರಿ ಗುಹಾಶಾಸನಗಳಲ್ಲಿ ಬೌದ್ಧವಿಹಾರಕ್ಕೆ ಕೊಟ್ಟ ದತ್ತಿಯನ್ನು ದ್ರಮ್ಮಗಳಲ್ಲಿ ಎಣಿಸಲಾಗಿದೆ. ಕನ್ನಡ ಶಾಸನಗಳಲ್ಲಿಯೂ ಗದ್ಯಾಣ, ಪಣ, ಹಾಗಗಳ ಸಾಲಿನಲ್ಲಿ ದ್ರಮ್ಮವು ಕಾಣಸಿಗುತ್ತದೆ. 1150ರಲ್ಲಿ ಭಾಸ್ಕರಾಚಾರ್ಯನು ತನ್ನ ‘ಲೀಲಾವತಿ’ಯಲ್ಲಿ 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ ಎಂಬ ಲೆಕ್ಕವನ್ನು ಕೊಟ್ಟಿರುವನು.

‘ಕರ್ಮ’ವು ಪ್ರಾಕೃತದಲ್ಲಿ ‘ಕಮ್ಮ’ವಾಗಿ ಹಿಂದಿಯಲ್ಲಿ ‘ಕಾಮ್’ ಆದಂತೆ, ‘ದ್ರಮ್ಮ’ವು ‘ದಮ್ಮ’ವಾಗಿ ‘ದಾಮ್’ ಆಯಿತು. ಅಕ್ಬರನ ಕಾಲಕ್ಕೆ ಬೆಳ್ಳಿಯ ಹೆಸರು ತಾಮ್ರಕ್ಕೆ ಇಳಿದಿದ್ದಿತು. 40 ದಾಮುಗಳಿಗೆ ಒಂದು ರೂಪಾಯಿ. ತರುವಾಯ ನಾಣ್ಯವು ಮರೆಯಾಗಿ, ‘ಬೆಲೆ’ ಎಂಬ ಅರ್ಥವಷ್ಟೇ ಉಳಿಯಿತು.

ಮೂಲಶಬ್ದದ ಮತ್ತೊಂದು ಕವಲು ಪಾರಸಿಕದ ‘ದ್ರಹ್ಮ್’ ಮೂಲಕ ಅರಬ್ಬಿಯ ‘ದಿರ್ಹಮ್’ ಆಯಿತು. ಸಂಯುಕ್ತ ಅರಬ್ ಎಮಿರೇಟುಗಳು 1973ರಲ್ಲಿ ತಮ್ಮ ನಾಣ್ಯಕ್ಕೆ ಈ ಹೆಸರನ್ನೇ ಇಟ್ಟವು. ಅಲ್ಲಿ ದುಡಿದು ದಿರ್ಹಮ್ ಗಳಿಸಿದ ಹೈದರಾಬಾದಿನವನು ಊರಿನ ಪೇಟೆಯಲ್ಲಿ ‘ದಾಮ್’ ಕೇಳುವಾಗ, ಅಗಲಿದ ಎರಡು ಸೋದರಶಬ್ದಗಳು ಅವನಲ್ಲಿ ಒಂದುಗೂಡುತ್ತವೆ.

ಆದುದರಿಂದ ‘ದಾಮ್’ ಎಂಬುದನ್ನು ಪರಕೀಯವೆಂದು ತಳ್ಳುವ ಮುನ್ನ ಶಾಸನಗಳ ಸಾಕ್ಷ್ಯವನ್ನು ನೆನೆಯುವುದು ಯುಕ್ತ. ಗ್ರೀಕನ ಹಿಡಿಯೊಳಗಿನ ಸಲಾಕೆಯು ರಾಷ್ಟ್ರಕೂಟರ ದತ್ತಿಯಲ್ಲಿ ಪುಣ್ಯದ ಅಳತೆಯಾಯಿತು. ಇಂದು ಉರ್ದುವಿನ ವೇಷದಲ್ಲಿ ಕನ್ನಡಿಗನಿಗೆ ಎದುರಾಗುವ ಈ ಶಬ್ದವು ಅವನ ಪೂರ್ವಿಕರು ಕಲ್ಲಿನ ಮೇಲೆ ಬರೆಯಿಸಿದ ಶಬ್ದವೇ ಆಗಿದೆ.