ನದಿಗಳ ತವರಾದ ನಂದಿಗಿರಿ

ಲೋಕದ ಅದ್ಭುತಗಳನ್ನು ಕಾಣಬೇಕೆಂಬ ಕುತೂಹಲದಿಂದ ಜನರು ಸಮುದ್ರಗಳನ್ನು ದಾಟಿ ಹೋಗುವುದುಂಟು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಬೆಟ್ಟಗಳ ವಿಷಯದಲ್ಲಿಯೂ ಸಲ್ಲುವುದೆಂಬುದಕ್ಕೆ ಚಿಕ್ಕಬಳ್ಳಾಪುರದ ಬಳಿಯ ನಂದಿಗಿರಿಯೇ ನಿದರ್ಶನವು. ತಂಪಾದ ಗಾಳಿಗಾಗಿಯೂ ಪ್ರಾತಃಕಾಲದ ಮಂಜಿಗಾಗಿಯೂ ಇದನ್ನು ಏರುವವರು ಸಹಸ್ರಾರು ಮಂದಿ; ಇದರ ಸುತ್ತಿನ ಭೂಮಿಯು ಎಷ್ಟು ನದಿಗಳಿಗೆ ಜನ್ಮವಿತ್ತಿದೆಯೆಂಬುದನ್ನು ನೆನೆಯುವವರು ವಿರಳ.

ಒಂದೇ ಉನ್ನತಪ್ರದೇಶದಿಂದ ಹಲವು ನದಿಗಳು ಹಲವು ದಿಕ್ಕಿಗೆ ಹರಿಯುವುದು ಪ್ರಪಂಚದಲ್ಲಿ ಅಪರೂಪವಾದ ಸಂಗತಿ. ಸ್ವಿಟ್ಜರ್ಲೆಂಡ್ ದೇಶದ ಗೊಟ್ಟಾರ್ಡ್ ಪರ್ವತಭಾಗದಿಂದ ರೈನ್ ನದಿಯು ಉತ್ತರಸಮುದ್ರಕ್ಕೂ ರೋನ್ ನದಿಯು ಮೆಡಿಟರೇನಿಯನ್ ಸಮುದ್ರಕ್ಕೂ ಹೋಗುವುವು. ಕೈಲಾಸ ಮಾನಸಸರೋವರಗಳ ಪ್ರಾಂತದಿಂದ ಸಿಂಧು, ಶತದ್ರು, ಬ್ರಹ್ಮಪುತ್ರಗಳು ಹೊರಡುವುವು. ಅಮರಕಂಟಕದಲ್ಲಿ ಹುಟ್ಟಿದ ನರ್ಮದೆಯು ಪಡುವಣಕ್ಕೂ ಶೋಣೆಯು ಗಂಗೆಯ ಕಡೆಗೂ ಸಾಗುವುವು. ಇವುಗಳಲ್ಲಿ ಮೊದಲಿನ ಎರಡಕ್ಕೆ ಹಿಮದ ಆಸರೆಯುಂಟು. ಅಮರಕಂಟಕಕ್ಕೆ ದಟ್ಟವಾದ ಅರಣ್ಯವೂ ಸಮೃದ್ಧವಾದ ಮಳೆಯೂ ಉಂಟು. ನಂದಿಗಿರಿಗೆ ಇವೊಂದೂ ಇಲ್ಲ. 4,851 ಅಡಿ ಎತ್ತರದ ಈ ಬೆಟ್ಟದ ಸುತ್ತಣ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 28 ಅಂಗುಲ ಮಾತ್ರ. ಹೀಗಿದ್ದೂ ಇಲ್ಲಿ ಹುಟ್ಟುವ ನದಿಗಳ ಪಟ್ಟಿಯು ಸಣ್ಣದಲ್ಲ.

ನಂದಿಯ ಸಾಲಿಗೆ ಸೇರಿದ ಚೆನ್ನಕೇಶವ ಬೆಟ್ಟದ ಕಡೆಯಿಂದ ಉತ್ತರಪಿನಾಕಿನಿಯು ಹೊರಟು ಗೌರಿಬಿದನೂರಿನ ಮಾರ್ಗವಾಗಿ ಆಂಧ್ರದೇಶವನ್ನು ಹೊಕ್ಕು, 597 ಕಿಲೋಮೀಟರು ಹರಿದು, ನೆಲ್ಲೂರಿನ ಆಚೆ ಕಡಲನ್ನು ಸೇರುವುದು. ಅದರ ಒಡಹುಟ್ಟಿದ ದಕ್ಷಿಣಪಿನಾಕಿನಿಯು ಹೊಸಕೋಟೆಯ ಮೇಲೆ ತಮಿಳುನಾಡಿಗೆ ಇಳಿದು ಕಡಲೂರಿನ ಬಳಿ ಅದೇ ಕಡಲನ್ನು ಮುಟ್ಟುವುದು. ಅರ್ಕಾವತಿಯು ನೈರುತ್ಯಕ್ಕೆ ಇಳಿದು ಕನಕಪುರದ ಕೆಳಗಣ ಸಂಗಮದಲ್ಲಿ ಕಾವೇರಿಯೊಡನೆ ಬೆರೆಯುವುದು. ಚಿತ್ರಾವತಿಯು ಬಾಗೇಪಲ್ಲಿಯನ್ನು ದಾಟಿ, ಪಾಪಘ್ನಿಯು ಶಿಡ್ಲಘಟ್ಟದ ಸೀಮೆಯಿಂದ ಹೊರಟು, ಎರಡೂ ಮುಂದೆ ಉತ್ತರಪಿನಾಕಿನಿಯನ್ನೇ ಸೇರುವುವು. ಪೂರ್ವಕ್ಕೆ ಚಿಂತಾಮಣಿಯ ಕಡೆ ತಲಗವಾರದ ಬಳಿ ಹುಟ್ಟುವ ಪಾಲಾರನ್ನು ಸಂಸ್ಕೃತದಲ್ಲಿ ಕ್ಷೀರನದಿಯೆಂದು ಕರೆಯುವರು. ಪಿನಾಕವೆಂದರೆ ಶಿವನ ಧನುಸ್ಸು. ಶಿವನ ವಾಹನದ ಹೆಸರನ್ನು ಹೊತ್ತ ಗಿರಿಯಿಂದ ಹೊರಟ ನದಿಗಳಿಗೆ ಈ ನಾಮವು ಒಪ್ಪುವಂತಿರುವುದು. ಬೆಟ್ಟದ ಅಡಿಯ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ದೇವಾಲಯವಿದೆ. ಸುಮಾರು 806ನೆಯ ಇಸವಿಗೆ ಸೇರಿದ, ನೊಳಂಬರ ಮತ್ತು ರಾಷ್ಟ್ರಕೂಟ ಗೋವಿಂದನ ಹೆಸರುಗಳುಳ್ಳ ಶಾಸನದಲ್ಲಿ ಇದರ ಪ್ರಸ್ತಾಪ ಬಂದಿರುವುದು. ಅಲ್ಲಿಯ ಶೃಂಗಿತೀರ್ಥವೆಂಬ ಕಲ್ಯಾಣಿಯೇ ಪಿನಾಕಿನಿಯ ಮೂಲವೆಂದೂ, ನಂದಿಯು ತನ್ನ ಕೊಂಬಿನಿಂದ ನೆಲವನ್ನು ತಿವಿದಾಗ ನೀರು ಚಿಮ್ಮಿತೆಂದೂ ಸ್ಥಳಪುರಾಣವು ಹೇಳುವುದು.

ಪುರಾಣವು ಕೊಂಬೆಂದು ಹೇಳಿದ ಸ್ಥಾನದಲ್ಲಿ ಭೂಗರ್ಭಶಾಸ್ತ್ರವು ಶಿಲೆಯ ಬಿರುಕುಗಳನ್ನು ತೋರಿಸುವುದು. ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಪುರಾತನವಾದ ಈ ನಾಡಿನ ಕಗ್ಗಲ್ಲು ತಾನಾಗಿ ನೀರನ್ನು ಹೀರದು. ಕಾಲಾಂತರದಲ್ಲಿ ಅದು ಸೀಳಿ, ಶಿಥಿಲವಾಗಿ, ಮಣ್ಣಾದ ಎಡೆಗಳಲ್ಲಿ ಮಳೆಯು ಇಂಗುವುದು. ಮರಗಿಡಗಳ ಬೇರು ಆ ಮಣ್ಣನ್ನು ಹಿಡಿದಿರುವುದು. ಇಂಗಿದ ನೀರು ತಿಂಗಳುಗಟ್ಟಲೆ ನಿಧಾನವಾಗಿ ಕೆಳಗೆ ಜಿನುಗಿ ಹಳ್ಳವಾಗುವುದು. ಮರವು ಹೋದರೆ ಮಣ್ಣು ಹೋಗುವುದು. ಮಣ್ಣು ಹೋದಲ್ಲಿ ಮಳೆಯ ನೀರು ಒಂದು ದಿವಸದಲ್ಲಿಯೇ ಹರಿದುಹೋಗಿ ನದಿಯು ಬರಿಯ ಮರಳಾಗಿ ಉಳಿಯುವುದು.

ಈ ಬೆಟ್ಟದ ಮೇಲೆ ಕಣ್ಣಿಟ್ಟವರೆಲ್ಲರೂ ಅದರ ಎತ್ತರವನ್ನು ಬಯಸಿದರು. ಟಿಪ್ಪುವಿನ ಕೋಟೆಯನ್ನು ಇಂಗ್ಲಿಷರು 1791ನೆಯ ಅಕ್ಟೋಬರ್ 19ರಂದು ಹಿಡಿದರು. ಕಬ್ಬನ್ ಸಾಹೇಬನು ಶಿಖರದಲ್ಲಿ ಬೇಸಗೆಯ ಬಂಗಲೆಯನ್ನು ಕಟ್ಟಿಸಿದನು. ಮಹಾತ್ಮ ಗಾಂಧಿಯವರು 1927ರಲ್ಲಿಯೂ 1936ರಲ್ಲಿಯೂ ಇಲ್ಲಿಯೇ ತಂಗಿ ಆರೋಗ್ಯವನ್ನು ಸುಧಾರಿಸಿಕೊಂಡರು. ಇದೇ ಗಿರಿಯ ಅಡಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ದೂರದ ಕಾವೇರಿಗೆ ಅಣೆಕಟ್ಟಿನ ಯೋಜನೆಯನ್ನು ಹಾಕಿದರು. ಬೆಂಗಳೂರು ನಗರವಾದರೋ 1894ರಲ್ಲಿ ಕೈಗೊಂಡ ಹೆಸರಘಟ್ಟದ ಕೆರೆಯಿಂದಲೂ, 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದಲೂ ಅರ್ಕಾವತಿಯ ನೀರನ್ನು ಕುಡಿದು ಬೆಳೆಯಿತು. ಚಿನ್ನದ ಗಣಿಯ ಜನರಿಗೆ ಬೇತಮಂಗಲದ ಕೆರೆಯಿಂದ ಪಾಲಾರಿನ ನೀರು ಹೋಯಿತು.

ತವರಿನ ಪಾಡೇನು? ಹೆಣ್ಣುಮಕ್ಕಳನ್ನು ಹೆತ್ತು, ಸಾಕಿ, ದೂರದ ಊರುಗಳಿಗೆ ಕೊಟ್ಟು, ತಾನು ಬಡತನದಲ್ಲಿ ಉಳಿದ ತಾಯಿಯಂತೆ ಈ ಸೀಮೆಯು ಇರುವುದು. 1892ನೆಯ ಫೆಬ್ರವರಿ 18ರಂದು ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಆದ ಒಪ್ಪಂದದ ಪಟ್ಟಿಯಲ್ಲಿ ಎರಡು ಪಿನಾಕಿನಿಗಳೂ ಪಾಲಾರೂ ಚಿತ್ರಾವತಿ ಪಾಪಘ್ನಿಗಳೂ ಸೇರಿದುವು. ಮದರಾಸಿನ ಸಮ್ಮತಿಯಿಲ್ಲದೆ ಇವುಗಳಿಗೆ ಹೊಸ ಜಲಾಶಯವನ್ನು ಕಟ್ಟುವಂತಿರಲಿಲ್ಲ. ಆದುದರಿಂದ ಹಿರಿಯರು ಕಟ್ಟಿದ ಕೆರೆಗಳ ಸಾಲೇ ರೈತನಿಗೆ ಗತಿಯಾಗಿದ್ದಿತು. ಒಂದು ಕೆರೆಯ ಕೋಡಿಯು ಮುಂದಿನ ಕೆರೆಗೆ ಬೀಳುವಂತೆ ಸರಪಣಿಯಾಗಿ ಜೋಡಿಸಿದ ಆ ಕ್ರಮದಿಂದ ಮಳೆಯ ಹನಿಯು ಹಲವು ಊರುಗಳಿಗೆ ಉಪಯೋಗವಾಗುತ್ತಿದ್ದಿತು. ಕೆರೆಗಳಲ್ಲಿ ಹೂಳು ತುಂಬಿ, ಕಾಲುವೆಗಳು ಮುಚ್ಚಿ, ನೀಲಗಿರಿಯ ತೋಪುಗಳು ಹಬ್ಬಿದ ಬಳಿಕ ಜನರು ನೆಲವನ್ನು ಸಾವಿರ ಅಡಿಗೂ ಮಿಗಿಲಾಗಿ ಕೊರೆದರು. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಎಂಬ ದೋಷವು ಸೇರಿಕೊಂಡು, ಹಲ್ಲನ್ನೂ ಎಲುಬನ್ನೂ ಬಾಧಿಸತೊಡಗಿತು.

ಅರ್ಕಾವತಿಯ ನೀರನ್ನು ಕುಡಿದು ಬೆಳೆದ ಬೆಂಗಳೂರಿನ ಕೊಳಚೆಯನ್ನು ಈಗ ಹೆಬ್ಬಾಳ ನಾಗವಾರಗಳ ಕಡೆಯಲ್ಲಿ ಶುದ್ಧಿಮಾಡಿ, ಕೊಳವೆಗಳ ಮೂಲಕ ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳಿಗೆ ತುಂಬುತ್ತಿರುವರು. ಎರಡು ಹಂತದ ಶುದ್ಧಿಯು ಸಾಲದು, ಮೂರನೆಯದೂ ಆಗಬೇಕೆಂದು ರೈತರು ಕೇಳುತ್ತಿರುವರು. ಅದು ನ್ಯಾಯವಾದ ಬೇಡಿಕೆಯೇ ಸರಿ. ಪಶ್ಚಿಮಘಟ್ಟದ ಎತ್ತಿನಹೊಳೆಯ ನೀರನ್ನು ಇತ್ತ ತಿರುಗಿಸುವ ಕಾರ್ಯದ ಮೊದಲ ಘಟ್ಟಕ್ಕೆ 2024ರಲ್ಲಿ ಚಾಲನೆ ದೊರೆಯಿತು. ದೂರದಿಂದ ಬರುವ ನೀರನ್ನು ಬೇಡವೆನ್ನಲಾಗದು. ಆದರೆ ಬಂದ ನೀರು ನಿಲ್ಲುವುದಕ್ಕೂ ಕೆರೆಯೇ ಬೇಕು, ಇಂಗುವುದಕ್ಕೂ ಮಣ್ಣೇ ಬೇಕು.

2021ನೆಯ ಆಗಸ್ಟ್ ತಿಂಗಳ ದೊಡ್ಡ ಮಳೆಯಲ್ಲಿ ನಂದಿಯ ದಾರಿಗೆ ಬೆಟ್ಟದ ಮಣ್ಣೂ ಬಂಡೆಗಳೂ ಕುಸಿದು ಬಿದ್ದು ಸಂಚಾರವು ನಿಂತುಹೋಯಿತು. ಸುತ್ತಣ ಗುಡ್ಡಗಳಲ್ಲಿ ಕಲ್ಲೊಡೆಯುವ ಸದ್ದು ಕೇಳುತ್ತಿರುವಾಗ ಇಂತಹ ಘಟನೆಯನ್ನು ಆ ವರ್ಷದ ಮಳೆಯ ಲೆಕ್ಕಕ್ಕೆ ಮಾತ್ರ ಬರೆದು ಮರೆಯುವುದು ವಿವೇಕವಲ್ಲ. ಮಂಜನ್ನು ನೋಡಲು ಶಿಖರಕ್ಕೆ ಹೋಗುವ ಗೃಹಸ್ಥರು ಇಳಿಯುವಾಗ ಮಕ್ಕಳಿಗೆ ನದಿಗಳು ಹೊರಟ ದಿಕ್ಕುಗಳನ್ನು ತೋರಿಸಲಿ. ಊರಿಗೆ ಬಂದು ತಮ್ಮ ಕೆರೆಯ ಕಾಲುವೆಯು ತೆರೆದಿದೆಯೇ ಎಂಬುದನ್ನೂ ನೋಡಲಿ.