ಹ್ಯಾಮ್ ಲಾಗ್‌ನಲ್ಲಿ ಸಮಯ–ದಿನಾಂಕದ ದೋಷ

ಹವ್ಯಾಸಿ ರೇಡಿಯೋ ಸಂಪರ್ಕಗಳನ್ನು ದಾಖಲಿಸುವ ತಂತ್ರಾಂಶದಲ್ಲಿ ಕಾಲ ತಪ್ಪಾಗಿ ನಮೂದಾಗುವ ತೊಂದರೆ. ಲಾಗ್ ಇಡುವ ರೂಢಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ. ಭಾರತೀಯ ಕಾಲಮಾನ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಹುಣಸೂರಿನಲ್ಲಿ ಜನವರಿ 1ರ ನಸುಕಿನ 4 ಗಂಟೆಗೆ ಆದ ಸಂಪರ್ಕ ಲಾಗ್‌ನಲ್ಲಿ ಡಿಸೆಂಬರ್ 31ರ 22:30 ಎಂದಿರಬೇಕು, ಇಸವಿಯೂ ಹಿಂದಿನದೇ. ಗಂಟೆ ತಿದ್ದಿ ದಿನಾಂಕ ಬಿಟ್ಟರೆ ಪೂರ್ತಿ ಒಂದು ದಿನ ವ್ಯತ್ಯಾಸ.

ಕಣ್ಣಿಗೆ ಬೀಳದ ದೋಷವೇ ಹೆಚ್ಚು ಕಾಡುತ್ತದೆ. ಕಂಪ್ಯೂಟರಿನ ಕಾಲವಲಯ ಬೇರೆ ದೇಶದ್ದಾಗಿದ್ದು, ಗಡಿಯಾರವನ್ನು ಮಾತ್ರ ಕೈಯಿಂದ ಸರಿಪಡಿಸಿದ್ದರೆ ಪರದೆಯ ಮೂಲೆಯಲ್ಲಿ ಸಮಯ ಸರಿಯಾಗಿಯೇ ಕಾಣುತ್ತದೆ, ಲಾಗ್ ಮಾತ್ರ ಕೆಟ್ಟಿರುತ್ತದೆ. ಆದ್ದರಿಂದ ಮೊದಲು ನೋಡಬೇಕಾದ್ದು ಕಾಲವಲಯ. ಕರೆಂಟ್ ಹೋಗಿ ಬಂದಾಗಲೆಲ್ಲ ಹಳೆಯ ದಿನಾಂಕ ಬಂದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಸೆಲ್ (ಸಾಮಾನ್ಯವಾಗಿ ಸಿಆರ್2032) ಬದಲಿಸಬೇಕು, ಪಿರಿಯಾಪಟ್ಟಣ, ಕೆ.ಆರ್. ನಗರದ ಅಂಗಡಿಯಲ್ಲೂ ಸಿಗುವಂಥದ್ದು.

15 ಸೆಕೆಂಡಿನ ಸರದಿಯ ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಿ ಒಂದೆರಡು ಸೆಕೆಂಡಿನ ತಪ್ಪೂ ಸಂಪರ್ಕ ಕೆಡಿಸಬಹುದು. ಎಚ್.ಡಿ. ಕೋಟೆಯ ಕಾಡಂಚಿನಂತೆ ಇಂಟರ್ನೆಟ್ ಸಿಗದ ಕಡೆ ಜಿಪಿಎಸ್ ರಿಸೀವರಿನಿಂದ ಸಮಯ ಹೊಂದಿಸಬಹುದು.

ಸಂಪರ್ಕಗಳನ್ನು ಆನ್‌ಲೈನ್‌ನಲ್ಲಿ ತಾಳೆ ನೋಡುವ ಲಾಗ್‌ಬುಕ್ ಆಫ್ ದಿ ವರ್ಲ್ಡ್‌ನಲ್ಲಿ ಎರಡೂ ಕಡೆಯ ಸಮಯ 30 ನಿಮಿಷದೊಳಗೆ ಹೊಂದದಿದ್ದರೆ ಸಂಪರ್ಕ ದೃಢಪಡುವುದಿಲ್ಲ. ಹಳೆಯ ನಮೂದು ತಿದ್ದುವ ಮುನ್ನ ಲಾಗ್ ಇರುವ ಎಡಿಐಎಫ್ ಕಡತದ ಪ್ರತಿ ತೆಗೆದಿಡಿ.